ಮೂರು ಅಂದ್ರೆ ಎರಡೂವರೆ

ಮರಕ್ಕೆ ಸ್ಕ್ರೂ ಹಾಕುವ ಮೊದಲು ಒಂದು ಸಣ್ಣ ತೂತು ಕೊರೆಯಬೇಕು. ತೂತು ದೊಡ್ಡದಾದರೆ ಸ್ಕ್ರೂ ಹಿಡಿಯುವುದಿಲ್ಲ. ಚಿಕ್ಕದಾದರೆ ಮರ ಸೀಳುತ್ತದೆ, ಇಲ್ಲವೇ ಸ್ಕ್ರೂವಿನ ಕತ್ತು ಮುರಿಯುತ್ತದೆ. ಇಷ್ಟನ್ನು ಯಾರು ಬೇಕಾದರೂ ಒಂದು ನಿಮಿಷದಲ್ಲಿ ಕಲಿಯಬಹುದು. ಇದರ ಮೇಲೆ ಇಪ್ಪತ್ತಾರು ವರ್ಷ ಸಂಸಾರ ಮಾಡುವುದು ಮಾತ್ರ ಎಲ್ಲರ ಕೈಲಾಗುವ ಕೆಲಸವಲ್ಲ.

ಮೇಸ್ತ್ರಿಯ ಬಡಗಿ ಅಂಗಡಿ ರೈಲು ಡಬ್ಬಿಯ ಹಾಗೆ ಉದ್ದಕ್ಕಿತ್ತು. ಬೀದಿ ಬಾಗಿಲ ಹತ್ತಿರ ಮೇಸ್ತ್ರಿಯ ಮೇಜು, ಹಿಂದಿನ ಕಿಟಕಿಯ ಹತ್ತಿರ ಡ್ರಿಲ್ ಮಷಿನ್, ನಡುವೆ ಹಲಗೆಗಳ ರಾಶಿ. ಮೇಜಿನ ಮೇಲೆ ಮೇಸ್ತ್ರಿ ಅಳೆದು ಗುರುತು ಹಾಕುತ್ತಿದ್ದರು. ಮಷಿನ್ ಮುಂದೆ ಅವರ ಹೆಂಡತಿ ಕೊರೆಯುತ್ತಿದ್ದರು. ಕೊರೆದದ್ದು ಹಲಗೆಗಳ ಮೇಲೆ ಜಾರಿ ವಾಪಸು ಬಂದರೆ ಮೇಸ್ತ್ರಿ ಸ್ಕ್ರೂ ತಿರುಗಿಸುತ್ತಿದ್ದರು. ಇಬ್ಬರ ನಡುವೆ ಓಡಾಡುತ್ತಿದ್ದ ಮಾತೆಂದರೆ ಬರೀ ತೂತಿನ ಅಳತೆಯ ಅಂಕಿ. "ಮೂರು" ಎಂದು ಇವರು ಕೂಗಿದರೆ ಅಲ್ಲಿ ಮಷಿನ್ ಗುಂಯ್ ಎನ್ನುತ್ತಿತ್ತು. ಹೆಂಡತಿಯನ್ನು ಬೀದಿಯವರೆಲ್ಲ ಮಷಿನಮ್ಮ ಎಂದು ಕರೆಯುತ್ತಿದ್ದರು. ಆಕೆಯೂ ಆ ಹೆಸರಿಗೇ ಓಗೊಡುತ್ತಿದ್ದರು. ಆ ಅಂಗಡಿಯ ಬಾಗಿಲು ಜೋತುಬಿತ್ತು, ಕೀಲು ಕಿತ್ತುಬಂತು ಎಂದು ದೂರು ಹೊತ್ತು ಬಂದವರು ಯಾರೂ ಇಲ್ಲ.

ಹೀಗಿರುವಾಗ ಮಷಿನಮ್ಮ ಒಂದು ದಿನ ಪರದೆ ಸಿಕ್ಕಿಸಲು ಸ್ಟೂಲು ಹತ್ತಿ, ಇಳಿಯುವಾಗ ಸ್ಟೂಲಿಗೆ ಹೇಳದೆ ಇಳಿದರು. ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್ ಬಿತ್ತು. ನಾಲ್ಕು ವಾರ ಕೈ ಅಲ್ಲಾಡಿಸಬಾರದು ಎಂದರು ಡಾಕ್ಟರು. ಸ್ಟೂಲು ಯಾರು ಮಾಡಿದ್ದು ಎಂದು ಮಾತ್ರ ಅವರು ಕೇಳಲಿಲ್ಲ, ಅದೊಂದು ಪುಣ್ಯ.

ಅದೇ ಹೊತ್ತಿಗೆ ಅಳಿಯನ ಔಷಧಿ ಅಂಗಡಿಗೆ ಹೊಸ ನೆಲ ಹಾಸುತ್ತಿದ್ದರು. ಹತ್ತು ದಿನ ಅಂಗಡಿ ಬಂದ್. ಮಾತ್ರೆಗಳನ್ನು ಎರಡೆರಡು ಸಲ ಎಣಿಸಿ, ಚೀಟಿಯಲ್ಲಿ ಅರ್ಧ ಎಂದಿದ್ದರೆ ಅರ್ಧವನ್ನೇ ಕತ್ತರಿಸಿ ಕೊಡುವ ಮನುಷ್ಯನಿಗೆ ಮನೆಯಲ್ಲಿ ಕೂತು ಏನು ಮಾಡಬೇಕೋ ತೋಚಲಿಲ್ಲ. ಮಾವನ ಅಂಗಡಿಯಲ್ಲಿ ಡ್ರಿಲ್ ಮಷಿನ್ ಹಿಡಿಯುತ್ತೇನೆ ಎಂದ. ಅವನ ಹೆಂಡತಿ, ಎಂದರೆ ಮೇಸ್ತ್ರಿಯ ಮಗಳು, ಈಜು ಕಲಿಸುವವಳು. ಅವನು ಹೊರಡುವ ಮುಂಚೆ ಒಂದೇ ಮಾತು ಹೇಳಿದಳು.

"ಕೆಲಸ ಮಾಡು, ಬೇಡ ಅನ್ನಲ್ಲ. ಆದ್ರೆ ಅವರಿಬ್ಬರ ಮಧ್ಯೆ ಮಾತ್ರ ಇಳೀಬೇಡ. ಅಲ್ಲಿ ಆಳ ಎಷ್ಟಿದೆ ಅಂತ ನನಗೇ ಗೊತ್ತಿಲ್ಲ."

ಮೊದಲ ದಿನದ ಕೆಲಸ ಎದುರುಮನೆ ದರ್ಜಿಯ ಕಪಾಟಿನ ಬಾಗಿಲು. ಗಟ್ಟಿ ಮರ, ಸಾಧಾರಣ ಅಳತೆಯ ಸ್ಕ್ರೂ. ಮೇಸ್ತ್ರಿ ಗುರುತು ಹಾಕಿ ಬಾಗಿಲನ್ನು ಜಾರಿಸಿ, "ಮೂರು ಕೊಡಿ, ಅಳಿಯಂದ್ರೇ" ಎಂದರು. ಕಿಟಕಿಯ ಬಳಿ ಮರದ ದಿಮ್ಮಿಯೊಂದರಲ್ಲಿ ಬಿಟ್‌ಗಳು, ಎಂದರೆ ಮಷಿನಿಗೆ ಸಿಕ್ಕಿಸುವ ಕೊರೆಕಡ್ಡಿಗಳು, ಸಾಲಾಗಿ ನಿಂತಿದ್ದವು. ಪ್ರತಿಯೊಂದರ ಕೆಳಗೆ ಮಷಿನಮ್ಮನ ಅಕ್ಷರದಲ್ಲಿ ಎರಡು, ಎರಡೂವರೆ, ಮೂರು ಎಂದು ಪೆನ್ಸಿಲಿನಲ್ಲಿ ಬರೆದಿತ್ತು. ಒಂದಕ್ಕೂ ಇನ್ನೊಂದಕ್ಕೂ ಅರ್ಧ ಮಿಲಿಮೀಟರು, ಎಂದರೆ ಐದು ಹಾಳೆ ಕಾಗದದಷ್ಟು ವ್ಯತ್ಯಾಸ. ಅಳಿಯ ಮೂರನ್ನು ತೆಗೆದ, ದಿಮ್ಮಿಯ ಮೇಲಿನ ಅಂಕಿಯನ್ನು ಇನ್ನೊಮ್ಮೆ ಓದಿದ, ಕೊರೆದ.

ಸ್ಕ್ರೂ ಬೆಣ್ಣೆಯೊಳಗೆ ಹೋದಂತೆ ಹೋಯಿತು. ಹೋದದ್ದು ನಿಲ್ಲಲಿಲ್ಲ. ಭಾಷಣ ಮುಗಿಸಲು ತಿಳಿಯದವನ ಹಾಗೆ ಸುತ್ತುತ್ತಲೇ ಇತ್ತು.

"ಎಷ್ಟು ಕೊಟ್ರಿ?" ಎಂದರು ಮೇಸ್ತ್ರಿ.

"ಮೂರು, ಮಾವ."

"ಮೂರೇನಾ?"

"ನೀವು ಕೇಳಿದ್ದು ಮೂರು ಅಲ್ವಾ?"

ಮೇಸ್ತ್ರಿ ಅಳಿಯನ ಮುಖ ನೋಡಿದರು, ಒಳಮನೆಯ ಕಡೆ ನೋಡಿದರು. "ಹೌದು. ಮೂರೇ ಕೇಳಿದ್ದು" ಎಂದು, ಕಳ್ಳನ ಹಾಗೆ ಬೀದಿ ಬಾಗಿಲು ಅರ್ಧ ಮುಚ್ಚಿ, ತೂತಿಗೆ ಅಂಟು ಹಚ್ಚಿದ ಬೆಂಕಿಕಡ್ಡಿ ತುರುಕಿದರು. ಬೆಂಕಿಕಡ್ಡಿಯ ವೈದ್ಯವನ್ನು ಅವರು ಬೇರೆಯವರ ಕೆಲಸಕ್ಕೆ ಎಷ್ಟೋ ಸಲ ಮಾಡಿದ್ದರು. ತಮ್ಮದಕ್ಕೆ ಮಾಡಿದ್ದು ಅದೇ ಮೊದಲು.

ಒಳಮನೆಯಲ್ಲಿದ್ದ ಮಷಿನಮ್ಮನಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಸ್ಕ್ರೂ ಸುಮ್ಮನೆ ಸುತ್ತುವ ಸದ್ದು ಗೋಡೆ ದಾಟಿ ಬಂದಿತ್ತು. ಮಧ್ಯಾಹ್ನ ಅಳಿಯನನ್ನು ಅಡುಗೆಮನೆಗೆ ಕರೆದು ಚಾಕು ಕೊಟ್ಟರು. ಅವನು ಕ್ಯಾರೆಟ್ ಹೆಚ್ಚತೊಡಗಿದ. ಒಂದೊಂದು ಚೂರೂ ಅಚ್ಚಿನಲ್ಲಿ ಹಾಕಿ ತೆಗೆದಂತಿತ್ತು.

"ಅಳಿಯಂದ್ರೇ, ಸಾರಿಗೆ ಹಾಕೋಕೆ ಹೆಚ್ಚೋದು. ಪ್ರದರ್ಶನಕ್ಕಲ್ಲ," ಎಂದರು. ಆಮೇಲೆ ದನಿ ತಗ್ಗಿಸಿದರು. "ಒಂದು ಮಾತು ಹೇಳ್ತೀನಿ, ನಿಮ್ಮ ಹೊಟ್ಟೇಲೇ ಇರಲಿ. ನಿಮ್ಮ ಮಾವ ಎಷ್ಟು ಕೇಳ್ತಾರೋ ಅದಕ್ಕಿಂತ ಅರ್ಧ ಕಡಿಮೆ ಕೊಡಿ."

"ಅಂದ್ರೆ, ಅತ್ತೆ?"

"ಮೂರು ಅಂದ್ರೆ ಎರಡೂವರೆ. ನಾಲ್ಕು ಅಂದ್ರೆ ಮೂರೂವರೆ. ಅವರ ಕಣ್ಣಿಗೆ ಎಲ್ಲ ಒಂದು ಸುತ್ತು ದಪ್ಪ ಕಾಣುತ್ತೆ. ಮೊದಲಿನಿಂದಲೂ ಹಾಗೇ. ನಾನು ಸದ್ದಿಲ್ಲದೆ ಸರಿ ಮಾಡ್ಕೊಂಡು ಬಂದಿದೀನಿ."

"ಮಾವನಿಗೆ ಗೊತ್ತಿಲ್ವಾ?"

"ಗೊತ್ತಾಗಬಾರದು." ಮಷಿನಮ್ಮ ಪ್ಲಾಸ್ಟರ್ ಕೈಯನ್ನು ಎದೆಗೆ ಒತ್ತಿಕೊಂಡರು. "ಮಂಡಿ ಹೋಯ್ತು, ಏಣಿ ಹತ್ತೋದು ಬಿಟ್ರು. ಭುಜ ಹೋಯ್ತು, ದೊಡ್ಡ ಗರಗಸ ಬಿಟ್ರು. ಉಳಿದಿರೋದು ಕಣ್ಣಳತೆ ಒಂದೇ. ಅದೂ ಸುಳ್ಳು ಅಂತ ತಿಳಿದ್ರೆ ಆ ಮನುಷ್ಯ ಮೇಜಿನ ಮುಂದೆ ಮತ್ತೆ ಕೂರಲ್ಲ. ನನಗೆ ಮಾತು ಕೊಡಿ."

ಅಳಿಯ ಮಾತು ಕೊಟ್ಟ. ಔಷಧಿಯವನಿಗೆ ಗುಟ್ಟು ಇಟ್ಟುಕೊಳ್ಳುವುದು ಕಷ್ಟವಲ್ಲ. ಇಡೀ ಊರಿನ ಮೂಲವ್ಯಾಧಿ ಅವನ ಹೊಟ್ಟೆಯಲ್ಲಿತ್ತು.

ಎರಡನೆಯ ದಿನ ಕ್ಷೌರದಂಗಡಿಯ ಕನ್ನಡಿ ಚೌಕಟ್ಟು. ಅದೇ ಅಳತೆಯ ಹಿತ್ತಾಳೆ ಸ್ಕ್ರೂ. ಮೇಸ್ತ್ರಿ ಸ್ವಲ್ಪ ಹೊತ್ತು ಸ್ಕ್ರೂವನ್ನೇ ನೋಡಿ, ಮೆಲ್ಲಗೆ, "ಎರಡೂವರೆ" ಎಂದರು. ಅಳಿಯ ಕೊಟ್ಟ ಮಾತಿನಂತೆ ಎರಡನ್ನು ತೆಗೆದ.

ಮೇಸ್ತ್ರಿ ಸ್ಕ್ರೂವಿಗೆ ಮೇಣ ಸವರಿ ತಿರುಗಿಸಿದರು. ಮುಕ್ಕಾಲು ಹೋಯಿತು. ಆಮೇಲೆ ಮರ ಕಿರುಗುಟ್ಟಿತು, ಮೇಸ್ತ್ರಿಯ ಕತ್ತಿನ ನರ ಎದ್ದಿತು, ಟಕ್ ಎಂದು ಸ್ಕ್ರೂವಿನ ತಲೆ ಕೈಗೆ ಬಂತು. ಮಿಕ್ಕ ಮೈ ಮರದೊಳಗೇ ಉಳಿಯಿತು.

"ಎಷ್ಟು ಕೊಟ್ರಿ?"

"ಎರಡು," ಎಂದ ಅಳಿಯ. ಅಂಕಿಯ ವಿಷಯದಲ್ಲಿ ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ.

"ಯಾಕೆ?"

"ಕೈ ತಪ್ಪಿತು, ಮಾವ." ಇದು ಅಂಕಿಯಲ್ಲ, ಆದ್ದರಿಂದ ಹೇಗೋ ಬಂತು.

ಮೇಸ್ತ್ರಿ ಬೈಯಲಿಲ್ಲ. ಬೀದಿ ಮೂಲೆಯ ಟೀ ಅಂಗಡಿಗೆ ಕರೆದುಕೊಂಡು ಹೋಗಿ, ಹಿಂದೆ ತಿರುಗಿ ಯಾರೂ ಇಲ್ಲವೆಂದು ನೋಡಿಕೊಂಡರು.

"ಆ ಮಷಿನ್ ಹತ್ತಿರ ನಿಂತೋರಿಗೆಲ್ಲ ಕೈ ಒಂದು ಸುತ್ತು ಬಿಗಿ ಆಗುತ್ತೇನೋ. ನಿಮ್ಮ ಅತ್ತೇದೂ ಅದೇ ಕಥೆ. ಕೇಳಿದ್ದಕ್ಕಿಂತ ಅರ್ಧ ಚಿಕ್ಕದೇ ಬರುತ್ತೆ ಅವಳ ಕೈಲಿ. ಅವಳಿಗೆ ಗೊತ್ತಿಲ್ಲ, ತಾನು ಸರಿಯಾಗೇ ಕೊಡ್ತಿದೀನಿ ಅಂದ್ಕೊಂಡಿದಾಳೆ. ಅದಕ್ಕೇ ನಾನು ಯಾವತ್ತೂ ಅರ್ಧ ಜಾಸ್ತಿ ಕೇಳೋದು. ಎರಡೂವರೆ ಬೇಕಾದ್ರೆ ಮೂರು ಅಂತೀನಿ. ನಿನ್ನೆ ಅಭ್ಯಾಸಬಲದಿಂದ ನಿಮಗೂ ಹಾಗೇ ಅಂದ್ಬಿಟ್ಟೆ. ನೀವು ನೆಟ್ಟಗೆ ಮೂರು ಕೊಟ್ರಿ. ತಪ್ಪು ನಂದು."

ಅಳಿಯನ ಟೀ ಲೋಟ ಬಾಯಿಯ ಹತ್ತಿರ ನಿಂತಿತು.

"ಒಂದು ಸಲಾನೂ ಅತ್ತೆಗೆ ಹೇಳಲಿಲ್ವಾ, ಮಾವ?"

"ಹೇಳೋದೇನು? ಹೆಂಗಸಿಗೆ ಯಾಕೆ ಮರದ ಕೆಲಸ ಅಂತ ಅವಳ ತವರಿನೋರು ಹತ್ತು ವರ್ಷ ಈ ಕಡೆ ತಲೆ ಹಾಕಲಿಲ್ಲ. ಛಲಕ್ಕೆ ಕಲಿತವಳು. ನಿನ್ನ ಕೈ ಸರಿ ಇಲ್ಲ ಅಂತ ನಾನೇ ಅಂದ್ರೆ, ಪ್ಲಾಸ್ಟರ್ ಬಿಚ್ಚಿದ ಮೇಲೂ ಮಷಿನ್ ಮುಟ್ಟಲ್ಲ ಅವಳು." ಮೇಸ್ತ್ರಿ ಲೋಟದ ತಳದ ಟೀ ಚೆಲ್ಲಿದರು. "ನಿಮ್ಮ ಹೊಟ್ಟೇಲೇ ಇರಲಿ."

ಅಲ್ಲಿಗೆ ಅಳಿಯನ ಹೊಟ್ಟೆಯಲ್ಲಿ ಎರಡು ಗುಟ್ಟುಗಳಾದವು. ಎರಡೂ ಒಂದೇ ಗುಟ್ಟು, ಎದುರುಬದುರು ಮುಖ ಮಾಡಿ ಕೂತಿತ್ತು. ಹೆಂಡತಿಗೆ ಫೋನ್ ಮಾಡಿದ. ಈಜುಕೊಳದ ಗದ್ದಲದ ನಡುವೆ ಅವಳು ಇಡೀ ಕಥೆ ಕೇಳಿ ಬಹಳ ಹೊತ್ತು ನಕ್ಕಳು.

"ಇಬ್ಬರನ್ನೂ ಕೂರಿಸಿ ಹೇಳಿಬಿಡಲಾ?" ಎಂದ.

ನಗು ನಿಂತಿತು. "ಹೇಳು. ಅಪ್ಪ ಮೇಜು ಬಿಡ್ತಾರೆ, ಅಮ್ಮ ಮಷಿನ್ ಬಿಡ್ತಾಳೆ. ಇಬ್ಬರೂ ನಮ್ಮನೇಗೆ ಬಂದು ಕೂತ್ಕೊಂಡು ದಿನಾ ನಮ್ಮ ಬಾಗಿಲು ಸರಿ ಇಲ್ಲ, ಕಿಟಕಿ ಸರಿ ಇಲ್ಲ ಅಂತಾರೆ. ನಿನಗೆ ಬೇಕಾ ಅದು?"

ಅವನಿಗೆ ಬೇಡವಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಇಬ್ಬರು ಆ ಎರಡು ತುದಿಗಳಲ್ಲಿ ಇಲ್ಲದ ಅಂಗಡಿಯನ್ನು ನೆನೆಸಿಕೊಳ್ಳುವುದೂ ಬೇಡವಾಗಿತ್ತು.

ಮೂರನೆಯ ದಿನ ಬಂದದ್ದು ಗಡಿಯಾರ ರಿಪೇರಿಯವನ ಗೋಡೆಬೀರುವಿನ ಗಾಜಿನ ಬಾಗಿಲು. ಅವನ ಅಜ್ಜನ ಕಾಲದ ಬೀಟೆ ಮರ. ಕೀಲು ಕೂರುವ ಪಟ್ಟಿ ಒಂದು ಬೆರಳಗಲ. ಸವೆದುಹೋದ ಹಳೆಯ ತೂತುಗಳಿಗೆ ಮೇಸ್ತ್ರಿ ಮರದ ಬೆಣೆ ಹೊಡೆದು ಮುಚ್ಚಿದ್ದರು. ಈಗ ಅಲ್ಲೇ ಹೊಸದಾಗಿ ಕೊರೆಯಬೇಕು. ಅಜ್ಜನ ಕಾಲದ್ದೇ, ಹಿಂದಿನ ದಿನದ ಅಳತೆಯವೇ ಆದ ಆರು ಹಿತ್ತಾಳೆ ಸ್ಕ್ರೂಗಳನ್ನು ಅವನು ಬೆಂಕಿಪೊಟ್ಟಣದಲ್ಲಿ ಹತ್ತಿ ಸುತ್ತಿ ಕೊಟ್ಟಿದ್ದ. ಪಟ್ಟಿ ಸೀಳಿದರೆ ಆ ಬಣ್ಣದ ಮರ ಇನ್ನೆಲ್ಲೂ ಇರಲಿಲ್ಲ.

ಇಂಥ ಕೆಲಸವನ್ನು ಒಳಗೆ ಕೂತು ಕಿವಿಯಲ್ಲಿ ಕೇಳುವುದು ಮಷಿನಮ್ಮನಿಂದ ಆಗಲಿಲ್ಲ. ಬಂದು ಮಷಿನ್ ಪಕ್ಕದಲ್ಲೇ ಕೂತರು. ಅವರು ಕೂತ ಕೂಡಲೇ ಅಳಿಯನಿಗೆ ಬೆವರಿತು. ಮಾವ ಇವತ್ತು ಎಷ್ಟು ಕೇಳುತ್ತಾರೆಂದು ಅವನಿಗೆ ಗೊತ್ತಿತ್ತು.

"ಎರಡೂವರೆ," ಎಂದರು ಮೇಸ್ತ್ರಿ ಆ ತುದಿಯಿಂದ.

ಮಷಿನಮ್ಮನ ಹುಬ್ಬು ಮೇಲೆ ಹೋಯಿತು. ಈ ಸ್ಕ್ರೂವಿಗೆ ಗಂಡ ಎರಡೂವರೆ ಕೇಳಿದ್ದು ಅವರಿಗೆ ನೆನಪೇ ಇರಲಿಲ್ಲ. ಅಳಿಯನ ಕಡೆ ನೋಡಿ, ಅರ್ಧ ಕಡಿಮೆ ಎಂದು ಎಡಗೈಯ ಕಿರುಬೆರಳನ್ನು ಅರ್ಧ ಮಡಿಸಿ ತೋರಿಸಿದರು. ಆಮೇಲೆ ಅವರಿಗೇ ಅನುಮಾನವಾಗಿ ಬೆರಳು ಬಿಚ್ಚಿದರು. ಮತ್ತೆ ಮಡಿಸಿದರು.

ಅಳಿಯ ಎರಡು ಕೊರೆದರೆ ಸ್ಕ್ರೂ ಮುರಿಯುತ್ತಿತ್ತು. ಅತ್ತೆಯ ಕಣ್ಣೆದುರು ಎರಡೂವರೆ ತೆಗೆದರೆ ಅವರು ಸುಮ್ಮನಿರುತ್ತಿರಲಿಲ್ಲ.

"ಮಾವ, ಸರಿಯಾಗಿ ಕೇಳಿಸಲಿಲ್ಲ," ಎಂದ.

"ಎರಡೂವರೆ ಅಂದೆ."

"ಮೂರು ಅಂದ್ರಾ?"

"ಎರ-ಡೂ-ವ-ರೆ."

"ಮೂರಾ, ಮಾವ?" ಎಂದು ಅಳಿಯ ಅತ್ತೆಯ ತಲೆಯ ಮೇಲಿನಿಂದ ಕಣ್ಣಲ್ಲೇ ಅಂಗಲಾಚಿದ.

ಮೇಸ್ತ್ರಿಗೆ ಆಗ ಹೊಳೆಯಿತು. ಮಷಿನಿನ ಪಕ್ಕ ಕೂತವಳ ಕಿವಿಗೆ ಈ ಎರಡೂವರೆ ಹೊಸದು. ಅವಳಿಗೆ ಅನುಮಾನ ಬಂದೀತು. ಅಳಿಯ ಬಲು ಚುರುಕು ಎಂದುಕೊಂಡರು. "ಹೂಂ, ಹೂಂ. ಮೂರೇ. ನಾನೇ ಬಾಯಿತಪ್ಪಿ ಅಂದೆ," ಎಂದರು.

ಮಷಿನಮ್ಮನ ಹುಬ್ಬು ಕೆಳಗಿಳಿಯಿತು. ಅಳಿಯ ಎರಡೂವರೆ ತೆಗೆದ. ಅವರು ಸಮಾಧಾನದಿಂದ ತಲೆಯಾಡಿಸಿದರು. ಬಿಟ್ ಮಷಿನಿಗೆ ಏರಿತು, ಬಾಗಿಲಪಟ್ಟಿ ಅದರಡಿ ಕೂತಿತು, ಮಷಿನ್ ಗುಂಯ್ ಎಂದಿತು. ಲೋಕದಲ್ಲಿ ಎಲ್ಲವೂ ತನ್ನ ತನ್ನ ಜಾಗಕ್ಕೆ ಬಂದಿತು ಎನ್ನುವಷ್ಟರಲ್ಲಿ, ಆ ತುದಿಯಲ್ಲಿ ಮೇಸ್ತ್ರಿಗೆ ಇನ್ನೊಂದು ವಿಷಯ ಹೊಳೆಯಿತು. ಈ ಅಳಿಯ ಮೂರು ಅಂದರೆ ಮೂರನ್ನೇ ಕೊಡುವವನು.

"ನಿಲ್ಲಿ, ನಿಲ್ಲಿ," ಎಂದು ಮಂಡಿಯನ್ನೂ ಮರೆತು ಎದ್ದರು. "ಕೊರೀಬೇಡಿ, ಹಾಳಾಗುತ್ತೆ."

"ಗಾಬರಿ ಯಾಕ್ರೀ," ಎಂದರು ಮಷಿನಮ್ಮ, ಗಂಡನ ಗಾಬರಿ ಕಂಡು ತಾವೂ ಗಾಬರಿಯಾಗಿ. "ನಾನು ನೋಡಿದೀನಿ. ಎರಡೂವರೇನೇ ಹಾಕಿರೋದು."

ಮಷಿನ್ ಗುಂಯ್ ಎನ್ನುತ್ತಲೇ ಇತ್ತು. ಅಳಿಯ ಕೈ ಚಾಚಿ ಅದನ್ನು ಆರಿಸಿದ.

"ನಾನು ಮೂರು ಕೇಳಿದೆನಲ್ಲ," ಎಂದರು ಮೇಸ್ತ್ರಿ.

"ಕೇಳಿದ್ರಿ," ಎಂದರು ಮಷಿನಮ್ಮ.

"ಮತ್ತೆ ಎರಡೂವರೆ ಹೇಗೆ ಬಂತು?"

ಮಷಿನಮ್ಮ ಪ್ಲಾಸ್ಟರಿನ ಅಂಚನ್ನು ಕೆರೆದರು. ಆಮೇಲೆ ತಲೆ ಎತ್ತಿದರು. "ಮೂರು ಕೇಳಿದೋರು ನೀವು. ಅದು ಕೊರೆದ್ರೆ ಹಾಳಾಗುತ್ತೆ ಅಂತ ಎದ್ದು ಬಂದೋರೂ ನೀವು. ಅದು ಹೇಗೆ?"

ಇಬ್ಬರೂ ಅಳಿಯನ ಕಡೆ ನೋಡಿದರು. ಅಳಿಯ ಕಿಟಕಿಯ ಕಡೆ ನೋಡಿದ. ಕಿಟಕಿಗೆ ನೋಡಲು ಯಾರೂ ಇರಲಿಲ್ಲ. ಕೊನೆಗೆ ಅವನೇ ಬಾಯಿ ಬಿಟ್ಟ. ಗುಟ್ಟು ಹೇಗೂ ಒಡೆದಿತ್ತು. ಚೀಟಿ ಓದುವವನ ದನಿಯಲ್ಲಿ, ಹೆಚ್ಚಿಲ್ಲ ಕಡಿಮೆಯಿಲ್ಲ, ಅಡುಗೆಮನೆಯಲ್ಲಿ ಕೇಳಿದ್ದನ್ನು ಮಾವನಿಗೂ ಟೀ ಅಂಗಡಿಯಲ್ಲಿ ಕೇಳಿದ್ದನ್ನು ಅತ್ತೆಗೂ ಹೇಳಿದ.

"ಅಂದ್ರೆ," ಎಂದರು ಮೇಸ್ತ್ರಿ ನಿಧಾನವಾಗಿ, "ಇಪ್ಪತ್ತಾರು ವರ್ಷದಲ್ಲಿ ನಾನು ಕೇಳಿದ್ದನ್ನ ನೀನು ಒಂದು ಸಲಾನೂ ಕೊಟ್ಟಿಲ್ಲ."

"ಇಪ್ಪತ್ತಾರು ವರ್ಷದಲ್ಲಿ ನಿಮಗೆ ಬೇಕಾದ್ದನ್ನ ನೀವು ಒಂದು ಸಲಾನೂ ಕೇಳಿಲ್ಲ."

"ಶುರು ಮಾಡಿದ್ದು ನೀನು. ತೊಟ್ಟಿಲು ಮಾಡಿದಾಗ ನಾನು ಕೇಳಿದ್ದು ಎರಡೂವರೆ. ಸ್ಕ್ರೂ ಮುರೀತು. ಆವತ್ತಿಂದ ಜಾಸ್ತಿ ಕೇಳೋಕೆ ಶುರು ಮಾಡಿದೆ."

"ಅದಕ್ಕೂ ಮುಂಚೆ ಚಪ್ಪಲಿ ಗೂಡು. ನೀವು ಮೂರು ಕೇಳಿದ್ರಿ, ಸ್ಕ್ರೂ ಲೊಡಲೊಡ ಅಂತು. ಆವತ್ತಿಂದ ನಾನು ಕಡಿಮೆ ಕೊಡೋಕೆ ಶುರು ಮಾಡಿದೆ."

"ತೊಟ್ಟಿಲ ಕಾಲದಲ್ಲಿ ಚಪ್ಪಲಿ ಗೂಡು ಎಲ್ಲಿತ್ತು? ಚಪ್ಪಲಿ ಬಾಗಿಲ ಹೊರಗಿರ್ತಿತ್ತು. ನನ್ನದೊಂದನ್ನ ನಾಯಿ ಎತ್ಕೊಂಡು ಹೋಯ್ತು, ಮರೆತೆಯಾ?"

"ನಾಯಿ ಎತ್ಕೊಂಡು ಹೋಗಿದ್ದು ಗೂಡು ಕಿತ್ತು ಬಂದ ಮೇಲೆ."

ಇತಿಹಾಸ ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ. ಆ ನಾಯಿಯೊಂದೇ ಸಾಕ್ಷಿ, ಅದೂ ತೀರಿಕೊಂಡು ಬಹಳ ವರ್ಷವಾಗಿತ್ತು.

"ಕೊರೀಲಾ?" ಎಂದ ಅಳಿಯ.

"ಕೊರೀರಿ," ಎಂದರು ಇಬ್ಬರೂ, ಒಬ್ಬರನ್ನೊಬ್ಬರು ನೋಡದೆ.

ಆರು ತೂತು ಬಿದ್ದವು. ಆರು ಸ್ಕ್ರೂಗಳೂ ಕೊನೆಯ ಸುತ್ತಿನಲ್ಲಿ ಮರವನ್ನು ಕಚ್ಚಿ ಗಪ್ಪೆಂದು ಕೂತವು. ಪಟ್ಟಿ ಕೂದಲೆಳೆಯಷ್ಟೂ ಬಿರುಕು ಬಿಡಲಿಲ್ಲ. ಸಂಜೆ ಗಡಿಯಾರದವನು ಬಂದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದೊಂದನ್ನೂ ನೋಡಿ, "ಏನು ಕೈ ಮೇಸ್ತ್ರಿ ನಿಮ್ಮದು" ಎಂದ. ಮೇಸ್ತ್ರಿ ಬೆಂಕಿಪೊಟ್ಟಣ ವಾಪಸು ಕೊಟ್ಟರು.

ಮಗಳು ಹೆದರಿದ್ದೇ ಆಯಿತು. ಅಳಿಯ ಇನ್ನೊಂದು ವಾರ ಬಂದು ಹೋದ. ಮೇಸ್ತ್ರಿ ಗುರುತು ಹಾಕಿ ಬಾಗಿಲು ಜಾರಿಸಿ, "ನಿಮಗೆ ಸರಿ ಕಂಡಷ್ಟು ಕೊಡಿ" ಎನ್ನುತ್ತಿದ್ದರು. ಔಷಧಿ ಅಂಗಡಿ ತೆರೆದ ಮೇಲೆ ಹೊಸ ಕೆಲಸ ಹಿಡಿಯುವುದನ್ನೇ ಬಿಟ್ಟು, ಹಳೆಯ ಕುರ್ಚಿಗಳಿಗೆ ಬಣ್ಣ ಬಳಿಯುತ್ತ ಕೂತರು. ಒಳಗೆ ಮಷಿನಮ್ಮ ಒಂದೇ ಕೈಯಲ್ಲಿ, ಎರಡು ಕೈಗೆ ಆಗುವಷ್ಟು ಸದ್ದು ಮಾಡಿ ಪಾತ್ರೆ ತೊಳೆಯುತ್ತಿದ್ದರು. ಊಟಕ್ಕೆ ಕರೆಯುವಾಗಲೂ ಮಾತು ಗೋಡೆಗೆ ಹೇಳಿದಂತಿರುತ್ತಿತ್ತು. ಅಳಿಯ ದಿನಾ ಸಂಜೆ ಬಂದು, ಕಾಯಿಲೆ ವಾಸಿಯಾಗದವರ ಮನೆಗೆ ಬಂದವನಂತೆ ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದ.

ಪ್ಲಾಸ್ಟರ್ ಬಿಚ್ಚಿದ ಮಾರನೆಯ ಬೆಳಿಗ್ಗೆ ಮಷಿನಮ್ಮ ಅಂಗಡಿಗೆ ಬಂದರು. ಕೈ ಸೊರಗಿ, ಬೇರೆಯವರಿಂದ ಎರವಲು ತಂದಂತೆ ಕಾಣುತ್ತಿತ್ತು. ಮಷಿನಿನ ಮೇಲಿನ ಧೂಳು ಒರೆಸಿ, ಒರೆಸುವುದಕ್ಕಷ್ಟೇ ಬಂದೆ ಎಂಬಂತೆ ಬಟ್ಟೆ ಕೈಯಲ್ಲೇ ಇಟ್ಟುಕೊಂಡು ನಿಂತರು. ಮೇಸ್ತ್ರಿಯ ಮೇಜಿನ ಮೇಲೆ, ಮೊದಲೇ ಒಪ್ಪಿಕೊಂಡಿದ್ದ ಪುಸ್ತಕದ ಕಪಾಟೊಂದರ ಹಲಗೆ ನಾಲ್ಕು ದಿನದಿಂದ ಬಿದ್ದಿತ್ತು. ಗುರುತು ಹಾಕಿತ್ತು, ಕೊರೆದಿರಲಿಲ್ಲ.

ಮೇಸ್ತ್ರಿ ಬಾಯಿ ತೆರೆದರು. ಅಂಕಿ ಬರಲಿಲ್ಲ. ಮೂರು ಎಂದರೆ ಹಳೆಯ ಕಳ್ಳತನ, ಎರಡೂವರೆ ಎಂದರೆ ಹೊಸ ಜಗಳ. ಬಾಯಿ ಮುಚ್ಚಿ, ಒಂದು ಸ್ಕ್ರೂ ತೆಗೆದುಕೊಂಡು ಎದ್ದರು. ಹಲಗೆ ಹೊತ್ತುಕೊಂಡು, ಮಂಡಿ ಕಟಕಟ ಎನ್ನಿಸುತ್ತ ಅಂಗಡಿಯ ಉದ್ದಕ್ಕೂ ನಡೆದುಬಂದು, ಸ್ಕ್ರೂವನ್ನು ಹೆಂಡತಿಯ ಅಂಗೈಯಲ್ಲಿಟ್ಟರು.

"ನೀನೇ ನೋಡು," ಎಂದರು.

"ನೀವೂ ನೋಡಿ," ಎಂದರು ಮಷಿನಮ್ಮ.

ಅವರು ಸ್ಕ್ರೂವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೇಸ್ತ್ರಿ ದಿಮ್ಮಿಯಿಂದ ಒಂದು ಬಿಟ್ ಕಿತ್ತು ಅದರ ಮುಂದೆ ಅಡ್ಡ ಹಿಡಿದರು. ಸ್ಕ್ರೂವಿನ ಮೈ ಪೂರ್ತಿ ಮರೆಯಾಗಿ, ಅದನ್ನು ಸುತ್ತಿದ ಎಳೆಗಳು ಮಾತ್ರ ಎರಡೂ ಪಕ್ಕ ಕಾಣಬೇಕು. ಹಾಗೆ ಕಂಡರೆ ಆ ಬಿಟ್ ಸರಿ. ಅದಕ್ಕೆ ಎರಡು ತಲೆ ಒಂದೇ ಕಡೆ ಬರಬೇಕಾಯಿತು.

"ಹೆಬ್ಬೆಟ್ಟು ತೆಗೀರಿ, ಏನೂ ಕಾಣ್ತಿಲ್ಲ."

"ನೀನು ಕೈ ನಡುಗಿಸಬೇಡ."

"ನಡುಗುತ್ತೆ, ನಾಲ್ಕು ವಾರ ಆಯ್ತು. ಇದು ದಪ್ಪ. ಮೈ ಮರೆಯಾಯ್ತು, ಎಳೇನೂ ಮರೆಯಾಯ್ತು."

"ಹೂಂ. ದಪ್ಪಾನೇ." ಮೇಸ್ತ್ರಿ ಇನ್ನೊಂದು ತೆಗೆದರು. "ಇದು?"

"ಸ್ವಲ್ಪ ಈ ಕಡೆ... ಹಾಂ."

"ಕಾಣ್ತಾ?"

"ಎರಡೂ ಕಡೆ ಕಾಣ್ತಿದೆ. ನಿಮಗೆ?"

"ನನಗೂ ಕಾಣ್ತಿದೆ."

ದಿಮ್ಮಿಯ ಮೇಲೆ ಆ ಬಿಟ್ಟಿನ ಕೆಳಗೆ ಯಾವ ಅಂಕಿ ಇದೆ ಎಂದು ಇಬ್ಬರೂ ನೋಡಲಿಲ್ಲ. ಮಷಿನಮ್ಮ ಹಿಡಿಕೆ ಇಳಿಸಿದರು. ಕೈ ಸೋತು ಹಲಗೆ ಅಲುಗಿದಾಗ ಮೇಸ್ತ್ರಿ ಅದನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದರು.

ಔಷಧಿ ಅಂಗಡಿಗೆ ಹೊರಟಿದ್ದ ಅಳಿಯ ದಾರಿಯಲ್ಲಿ ಇಣುಕಿದ. ಮುಂದಿನ ಮೇಜು ಖಾಲಿಯಿತ್ತು. ಹಿಂದಿನಿಂದ ಮಾತು ಬರುತ್ತಿತ್ತು.

"ಇನ್ನೂ ಹದಿನೈದು ತೂತಿವೆ. ಸ್ಕ್ರೂ ಹಾಕೋಕೆ ಆ ಕಡೆ ಹೋಗಿ, ಕೊರೆಯೋಕೆ ಈ ಕಡೆ ಬರ್ತೀರಾ? ಈ ಮಂಡಿ ಇಟ್ಕೊಂಡು?"

"ಮಷಿನ್ನೇ ಆ ಕಡೆ ಬರಲಿ."

"ಬೆಳಕಿರೋದು ಇಲ್ಲಿ. ಮೇಜೇ ಈ ಕಡೆ ಬರಲಿ."

"ಮೇಜು ಇಲ್ಲಿಗೆ ಬಂದ್ರೆ ಗಿರಾಕಿ ಬಂದಿದ್ದು ನನಗೆ ಹೇಗೆ ಕಾಣುತ್ತೆ?"

"ಗಿರಾಕಿಗೆ ನೀವು ಕಾಣ್ತೀರಲ್ಲ, ಸಾಕು. ಅಲ್ಲಿ ನಿಂತಿರೋದು ಯಾರು, ಅಳಿಯಂದ್ರಾ? ಬನ್ನಿ, ಆ ತುದಿ ಎತ್ತಿ."

ಅಳಿಯ ಚೀಲ ಕೆಳಗಿಟ್ಟು, ಅಂಗಿಯ ತೋಳು ಮಡಿಸಿ ಮೇಜಿನ ತುದಿ ಹಿಡಿದ. ಅಷ್ಟು ವರ್ಷ ನಿಂತ ಜಾಗದಲ್ಲಿ ಅದರ ನಾಲ್ಕು ಕಾಲೂ ನೆಲಕ್ಕೆ ಅಂಟಿಕೊಂಡಿದ್ದವು. ಮೊದಲ ಎಳೆತಕ್ಕೆ ಅಲ್ಲಾಡಲಿಲ್ಲ. ಎರಡನೆಯ ಸಲ ಮೇಸ್ತ್ರಿಯೂ ಬಂದು ಕೈ ಹಾಕಿದರು.